ಕೋಬೆಯಲ್ಲಿ ಕೇಳಿದ ಮಾಲ್ಟಾದ ಮಾತು

ಇಂಥ ಅನುಭವವನ್ನು ಬೇರೆ ಯಾರಾದರೂ ಬರೆದಿದ್ದರೆ ನಾನು ಅರ್ಧಕ್ಕೇ ಬಿಟ್ಟು ಪುಟ ಮಗುಚುತ್ತಿದ್ದೆ. ಮೈಸೂರಿನ ಕಾಲೇಜೊಂದರಲ್ಲಿ ಕೆಲವು ವರ್ಷ ಇತಿಹಾಸ ಪಾಠ ಮಾಡಿದವಳು ನಾನು. ಆಧಾರವಿಲ್ಲದ್ದನ್ನು ಒಪ್ಪಬೇಡಿ ಎಂದು ಮಕ್ಕಳಿಗೆ ಹೇಳಿ ಹೇಳಿ ಅದೇ ನನ್ನ ಸ್ವಭಾವವೂ ಆಗಿಬಿಟ್ಟಿತ್ತು. ದೆವ್ವ, ಶಕುನ, ಹಿಂದಿನ ಜನ್ಮದ ನೆನಪು ಎಂದು ಯಾರಾದರೂ ಶುರುಮಾಡಿದರೆ ನೆಂಟರ ಮನೆಯೆಂದೂ ನೋಡದೆ ವಾದಕ್ಕೆ ಇಳಿಯುತ್ತಿದ್ದೆ. ಈಗಲೂ ನನ್ನ ಅಭಿಪ್ರಾಯಗಳೇನೂ ಬದಲಾಗಿಲ್ಲ. ಆದರೆ ಒಂದು ಮಧ್ಯಾಹ್ನ ನಡೆದದ್ದು ಮಾತ್ರ ಅವುಗಳ ಒಳಗೆ ಎಲ್ಲಿಯೂ ಹೊಂದಿಕೊಳ್ಳುತ್ತಿಲ್ಲ. ಅದನ್ನು ಬಣ್ಣ ಹಚ್ಚದೆ, ನಡೆದ ಹಾಗೆಯೇ ಹೇಳಲು ಪ್ರಯತ್ನಿಸುತ್ತೇನೆ.

ಜಪಾನಿನ ಈಶಾನ್ಯ ಕರಾವಳಿಯನ್ನು ಭೂಕಂಪವೂ ಸಮುದ್ರವೂ ಸೇರಿ ಅಳಿಸಿಹಾಕಿ ಕೆಲವು ವರ್ಷಗಳಾಗಿದ್ದವು. ನನ್ನ ಗಂಡನನ್ನು ಅವರ ಕಂಪನಿ ಬೆಂಗಳೂರಿನಿಂದ ಕೋಬೆಗೆ ಕಳಿಸಿತ್ತು. ಅವರು ಆಫೀಸಿಗೆ ಹೋದ ಮೇಲೆ ನನಗೆ ದಿನ ಕಳೆಯುವುದೇ ಕಷ್ಟವಾಗುತ್ತಿತ್ತು. ಹಟ ಹಿಡಿದು ಜಪಾನಿ ಭಾಷೆ ಕಲಿತೆ. ಅದರ ಫಲವಾಗಿ ಬಂದರಿನ ಹತ್ತಿರದ ಒಂದು ಪ್ರದರ್ಶನ ಮಂದಿರದಲ್ಲಿ ತಾತ್ಕಾಲಿಕ ಕೆಲಸ ಸಿಕ್ಕಿತು. ಬಂದವರಿಗೆ ಇಂಗ್ಲಿಷಿನಲ್ಲೂ ಜಪಾನಿಯಲ್ಲೂ ವಿವರಿಸುವ ಕೆಲಸ. ಆ ಚಳಿಗಾಲದ ಪ್ರದರ್ಶನ ಮಾಲ್ಟಾ ದ್ವೀಪದ ಬಗ್ಗೆ. ಮೆಡಿಟರೇನಿಯನ್ ಸಮುದ್ರದ ನಡುವೆ, ಭೂಪಟದಲ್ಲಿ ಬೆರಳಿಟ್ಟರೆ ಪೂರ್ತಿ ಮುಚ್ಚಿಹೋಗುವ ದ್ವೀಪ ಅದು.

ನಿಜ ಹೇಳಬೇಕೆಂದರೆ ಅಲ್ಲಿಯವರೆಗೆ ನನಗೆ ಮಾಲ್ಟಾ ಒಂದು ಹೆಸರು ಮಾತ್ರ. ಬಂದವರಿಗೆ ವಿವರಿಸಲೆಂದು ಓದುತ್ತ ಹೋದಂತೆ ಅದರ ಹುಚ್ಚು ಹಿಡಿಯಿತು. ಈಜಿಪ್ಟಿನ ಪಿರಮಿಡ್ಡುಗಳಿಗಿಂತ ಹಳೆಯ ಕಲ್ಲಿನ ಗುಡಿಗಳು ಅಲ್ಲಿವೆ. ಕಟ್ಟಿದವರು ಎಲ್ಲಿ ಹೋದರು, ಯಾಕೆ ಹೋದರು ಎಂಬುದು ಇಂದಿಗೂ ಗೊತ್ತಿಲ್ಲ. ಆಮೇಲೆ ಹಡಗುಗಳಲ್ಲಿ ಫಿನೀಷಿಯನ್ ವ್ಯಾಪಾರಿಗಳು ಬಂದರು. ಕಾರ್ಥೇಜಿನವರು ಬಂದರು, ರೋಮನ್ನರು ಬಂದರು. ಅರಬರು ಬಂದು ನಿಂಬೆ, ಹತ್ತಿ ಬೆಳೆಸಿದರು. ಅವರ ಹಿಂದೆ ಸಿಸಿಲಿಯ ದೊರೆಗಳು, ಶಿಲುಬೆ ತೊಟ್ಟ ಯೋಧ ಸಂನ್ಯಾಸಿಗಳು, ಸ್ವಲ್ಪ ಕಾಲ ಫ್ರೆಂಚರು, ಕೊನೆಗೆ ನಮಗೂ ಪರಿಚಿತರಾದ ಬ್ರಿಟಿಷರು. ಬಂದವರೆಲ್ಲ ಕೋಟೆ ಕಟ್ಟಿ, ತೆರಿಗೆ ಹಾಕಿ, ಒಂದಲ್ಲ ಒಂದು ದಿನ ಹೊರಟುಹೋದರು. ಊರಿನ ಜನ ಮಾತ್ರ ಅರಬರು ಬಿಟ್ಟುಹೋದ ಭಾಷೆಯನ್ನು ಬಿಡಲಿಲ್ಲ. ರೋಮನ್ ಲಿಪಿಯಲ್ಲಿ ಬರೆದು, ಇಟಲಿಯ ಪದಗಳನ್ನು ಬೆರೆಸಿ ಇಂದಿಗೂ ಆಡುತ್ತಾರೆ. ಚರ್ಚಿನಲ್ಲಿ ಪಾದ್ರಿ ದೇವರನ್ನು ‘ಅಲ್ಲಾ’ ಎಂದು ಕರೆಯುತ್ತಾರೆ ಎಂದಾಗ ಬಂದವರು ಒಮ್ಮೆ ತಿರುಗಿ ನೋಡುತ್ತಿದ್ದರು.

ಪ್ರದರ್ಶನದ ಕೊನೆಯ ಕೋಣೆಯಲ್ಲಿ ಒಂದು ನಿಜವಾದ ಮೀನುಗಾರಿಕೆಯ ದೋಣಿ ಇತ್ತು. ಹಳದಿ, ಕೆಂಪು, ನೀಲಿ ಪಟ್ಟೆಗಳ ಮರದ ದೋಣಿ. ಮೂತಿಯ ಎರಡು ಕಡೆಯೂ ಬಿಡಿಸಿದ ಕಣ್ಣುಗಳು. ಕಣ್ಣು ಬರೆಯುವ ಪದ್ಧತಿ ಫಿನೀಷಿಯನ್ನರ ಕಾಲದ್ದು ಎಂದು ಹೇಳುತ್ತಾರೆ. ದೋಣಿಯ ಜೊತೆಗೆ ಅದರ ಒಡೆಯನ ಮಗ ಕಾರ್ಮೆನು ಬಂದಿದ್ದ. ಮೂವತ್ತರ ಆಸುಪಾಸಿನ ದಪ್ಪನೆಯ ಯುವಕ. ಪ್ರಯಾಣದಲ್ಲಿ ಕಿತ್ತುಹೋಗಿದ್ದ ಬಣ್ಣವನ್ನು ಸರಿಮಾಡುತ್ತ, ಬಂದವರಿಗೆಲ್ಲ ಕೈ ಬೀಸುತ್ತ ಇರುತ್ತಿದ್ದ. ನಾವಿಬ್ಬರೂ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದೆವು. ಒಮ್ಮೆ ಅವನು ಜಗತ್ತಿಗೆ ‘ದಿನ್ಯಾ’ ಅಂದ. ನಾವೂ ‘ದುನಿಯಾ’ ಅನ್ನುತ್ತೇವೆ ಎಂದೆ. ಅವನ ‘ಸಪೂನಾ’ ನಮ್ಮ ಸಾಬೂನು ಎಂದು ಗೊತ್ತಾದಾಗ ಇಬ್ಬರೂ ನಕ್ಕೆವು. ಅಂದಿನಿಂದ ಬಿಡುವಿದ್ದಾಗಲೆಲ್ಲ ನನಗೆ ಒಂದೊಂದು ಪದ ಹೇಳಿಕೊಡುತ್ತಿದ್ದ. ‘ಎಯ್ಯಾ’ ಎಂದರೆ ಬಾ. ‘ಬಿಲ್-ಮೋದ್’ ಎಂದರೆ ಮೆಲ್ಲಗೆ. ಅಷ್ಟರಲ್ಲೇ ಇತ್ತು ನನ್ನ ಮಾಲ್ಟೀಸ್ ಪಾಂಡಿತ್ಯ.

ಆ ದಿನ ಮಧ್ಯಾಹ್ನ ಜನ ಕಡಿಮೆ. ಅತ್ತೆ ಸೊಸೆ ಇಬ್ಬರು ಬಂದರು. ಸೊಸೆಯ ಹೆಸರು ಯೂಕೋ. ನಲವತ್ತು ಇರಬಹುದು. ಬೆಂತೋ ಊಟದ ಡಬ್ಬಿ ತುಂಬುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರು. ಅತ್ತೆ ಕಿಯೋ-ಸಾನ್ (ಹೆಸರಿನ ಮುಂದೆ ‘ಸಾನ್’ ಸೇರಿಸುವುದು ಅಲ್ಲಿ ಗೌರವ) ಸಣ್ಣ ಮೈಕಟ್ಟಿನ ಮುದುಕಿ. ಉಣ್ಣೆಯ ಟೋಪಿ ಹಾಕಿಕೊಂಡು ಸೊಸೆಯ ತೋಳು ಹಿಡಿದು ನಡೆಯುತ್ತಿದ್ದರು. ನಾನು ಎಂದಿನಂತೆ ಬಗ್ಗಿ ನಮಸ್ಕರಿಸಿ ಮಾತಾಡಿಸಿದೆ. ಯೂಕೋ-ಸಾನ್ ಸಂಕೋಚದಿಂದ, “ಸುಮಿಮಾಸೆನ್, ಕ್ಷಮಿಸಿ, ಅತ್ತೆ ಮಾತಾಡುವುದಿಲ್ಲ. ಉತ್ತರ ಕೊಡಲಿಲ್ಲವೆಂದು ತಪ್ಪು ತಿಳಿಯಬೇಡಿ,” ಎಂದರು.

ಕೋಣೆಯಿಂದ ಕೋಣೆಗೆ ಹೋಗುತ್ತ ಅವರೇ ಸ್ವಲ್ಪ ಸ್ವಲ್ಪ ಹೇಳಿದರು. ಆ ಈಶಾನ್ಯ ಕರಾವಳಿಯ ಮಿಯಾಗಿ ಕಡೆಯ ಒಂದು ಮೀನುಗಾರರ ಹಳ್ಳಿ ಅವರದು. ಭೂಕಂಪವಾದ ದಿನ ಅತ್ತೆ, ಸೊಸೆ, ಮಗು ಗುಡ್ಡ ಹತ್ತಿ ಉಳಿದುಕೊಂಡರು. ಯೂಕೋ-ಸಾನ್ ಗಂಡ ದೋಣಿ ನೋಡಿಬರುತ್ತೇನೆಂದು ಇಳಿದುಹೋದವರು ಬರಲಿಲ್ಲ. ದೇಹವೂ ಸಿಗಲಿಲ್ಲ. ಆ ದಿನದಿಂದ ಕಿಯೋ-ಸಾನ್ ಬಾಯಿಬಿಟ್ಟಿಲ್ಲ. ಗಂಟಲಿನಲ್ಲಿ ಏನೂ ದೋಷವಿಲ್ಲ ಎಂದು ವೈದ್ಯರು ಹೇಳಿದ್ದರು. ಕೋಬೆಯಲ್ಲಿ ಯೂಕೋ-ಸಾನ್ ಅಣ್ಣ ಇದ್ದುದರಿಂದ ಇಲ್ಲಿಗೆ ಬಂದಿದ್ದರು. “ಬೈದರೂ ಸಾಕು ಅನ್ನಿಸುತ್ತದೆ,” ಎಂದರು ಯೂಕೋ-ಸಾನ್. “ಮೊದಲು ಎಷ್ಟು ಬೈಯುತ್ತಿದ್ದರು ಗೊತ್ತೇ? ಈಗ ಮನೆಯಲ್ಲಿ ನಾನು ಟಿವಿ ಆರಿಸುವುದೇ ಇಲ್ಲ.”

ಕೊನೆಯ ಕೋಣೆಯಲ್ಲಿ ದೋಣಿ ಇದೆ ಎಂದು ಮೊದಲೇ ಹೇಳಿದೆ. ಬೇಡವೆನಿಸಿದರೆ ಇಲ್ಲಿಂದಲೇ ಹೊರಗೆ ಹೋಗಬಹುದು ಎಂದೂ ಹೇಳಿದೆ. ಯೂಕೋ-ಸಾನ್ ಅತ್ತೆಯ ಮುಖ ನೋಡಿದರು. ಆದರೆ ಕಿಯೋ-ಸಾನ್ ಆಗಲೇ ತೋಳು ಬಿಡಿಸಿಕೊಂಡು ಬಾಗಿಲು ದಾಟಿಬಿಟ್ಟಿದ್ದರು.

ದೋಣಿಯ ಈ ಕಡೆಯಲ್ಲೇ ಕಾರ್ಮೆನು ನಮಗೆ ಬೆನ್ನು ತಿರುಗಿಸಿ ಕುಕ್ಕರುಗಾಲಿನಲ್ಲಿ ಕೂತು ತಳದ ಹಲಗೆಗೆ ಬಣ್ಣ ಹಚ್ಚುತ್ತಿದ್ದ. ಕಿಯೋ-ಸಾನ್ ದೋಣಿಯ ಸುತ್ತ ಅಡ್ಡ ಕಟ್ಟಿದ್ದ ಹಗ್ಗದವರೆಗೂ ಹೋಗಿ ನಿಂತರು. ಸ್ವಲ್ಪ ಹೊತ್ತು ಅವನ ಬೆನ್ನನ್ನೇ ನೋಡಿದರು. ಆಮೇಲೆ ಮಾತಾಡಿದರು.

ದೊಡ್ಡ ದನಿಯೇನಲ್ಲ. ಅಡುಗೆಮನೆಯಿಂದ ಹಿತ್ತಲಿಗೆ ಕೇಳಿಸುವಷ್ಟು. ಬಹಳ ದಿನ ಬಳಸದ ಗಂಟಲಾದ್ದರಿಂದ ಒರಟಾಗಿತ್ತು. ಒಂದೇ ಉಸಿರಿನ ಸಣ್ಣ ಮಾತು. ಅದರ ಆರಂಭದಲ್ಲಿ ‘ಎಯ್ಯಾ’ ಎಂಬುದು ನನ್ನ ಕಿವಿಗೆ ಬಿತ್ತು. ಮಧ್ಯದಲ್ಲಿ ‘ಬಿಲ್-ಮೋದ್’. ಉಳಿದದ್ದು ನನಗೆ ತಿಳಿಯಲಿಲ್ಲ.

ಕಾರ್ಮೆನು ತಿರುಗಿಯೂ ನೋಡದೆ, “ಜೇಯ್, ಮಾ,” ಎಂದ. ಮನೆಯಲ್ಲಿ ಯಾರೋ ಕರೆದರೆ ತಾನಾಗಿಯೇ ಬಾಯಿಗೆ ಬರುವ ಉತ್ತರದ ಹಾಗೆ. ಹೇಳಿದ ಮರುಕ್ಷಣ ಕುಂಚ ಕೆಳಗಿಟ್ಟು ಎದ್ದು ನಿಂತ. ಎದುರಿಗೆ ಉಣ್ಣೆ ಟೋಪಿಯ ಜಪಾನಿ ಮುದುಕಿಯನ್ನು ಕಂಡು ಅವನ ಮುಖ ಬಿಳಿಚಿಕೊಂಡಿತು. ಕಿಯೋ-ಸಾನ್ ಒಮ್ಮೆ ತಲೆದೂಗಿ, ಅಲ್ಲೇ ಇದ್ದ ಬೆಂಚಿನ ಮೇಲೆ ಕೂತರು.

ನಾನು ಅವನ ಬಳಿ ಹೋಗಿ ಮೆಲ್ಲಗೆ ಕೇಳಿದೆ. ಅವನು ಇಂಗ್ಲಿಷಿನಲ್ಲಿ ಹೇಳಿದ: “‘ಬಾ, ಊಟ ಮಾಡು, ಮೆಲ್ಲಗೆ, ಮಗು ಮಲಗಿದೆ.’ ಇಷ್ಟೇ ಅಂದದ್ದು. ಆದರೆ ಇವರು ನಮ್ಮ ಭಾಷೆ ಎಲ್ಲಿ ಕಲಿತರು?” ಆಮೇಲೆ ಇನ್ನೊಂದು ಮಾತು ಸೇರಿಸಿದ. ಮಲಗಿದೆ ಎನ್ನುವ ಪದದ ನಡುವೆ ಮಾಲ್ಟಾದಲ್ಲಿ ಎಲ್ಲರೂ ಗಂಟಲು ಹಿಡಿದಂತೆ ಉಸಿರು ಕತ್ತರಿಸುತ್ತಾರಂತೆ. ಇವರು ಅಲ್ಲಿ ‘ಕ’ ಎಂದು ನುಡಿದರು. ಪಕ್ಕದ ಗೋಜೋ ದ್ವೀಪದ ಒಂದು ಹಳ್ಳಿಯಲ್ಲಿ ಮುದುಕಿಯರು ಹಾಗೆ ಹೇಳುತ್ತಾರೆ. ಅವನ ಅಜ್ಜಿ ಆ ಹಳ್ಳಿಯವಳು. “ರೇಡಿಯೋದಲ್ಲಿ ಆ ಉಚ್ಚಾರಣೆ ಸಿಗುವುದಿಲ್ಲ. ನಾನೂ ಹಾಗೆ ಹೇಳುವುದಿಲ್ಲ,” ಎಂದ.

ಯೂಕೋ-ಸಾನ್ ನನ್ನ ತೋಳು ಹಿಡಿದರು. ಅವರು ಅಳುತ್ತಿದ್ದರು. “ಕೇಳಿಸಿತಾ? ಅತ್ತೆ ಹೇಳಿದ್ದು ನಿಮಗೂ ಕೇಳಿಸಿತಾ?” ಎಂದರು. ಅರ್ಥ ಕೇಳುತ್ತಿದ್ದಾರೆ ಎಂದುಕೊಂಡು ನಾನು ಕಾರ್ಮೆನು ಹೇಳಿದ್ದನ್ನು ಜಪಾನಿಗೆ ತಿರುಗಿಸಿ ಹೇಳಿದೆ. ಅವರು ಹೌದು ಹೌದು ಎಂದು ತಲೆಯಾಡಿಸಿದರು. ಗಂಡ ಕಡಲಿನಿಂದ ಬಂದು ಅಂಗಳದಲ್ಲಿ ಬಲೆ ಬಿಡಿಸುತ್ತ ಕೂತಾಗ ಅತ್ತೆ ದಿನವೂ ಒಳಗಿನಿಂದ ಕರೆಯುತ್ತಿದ್ದ ಮಾತು ಅದೇ ಎಂದರು. ಮಗು ಹುಟ್ಟಿದ ಮೇಲೆ ‘ಮೆಲ್ಲಗೆ’ ಎಂಬುದು ಸೇರಿಕೊಂಡಿತ್ತಂತೆ. ಆಮೇಲೆ ಅತ್ತೆಯ ಮುಂದೆ ಮಂಡಿಯೂರಿ ಕೂತು, “ಅಮ್ಮಾ, ಇನ್ನೊಂದು ಸಲ ಹೇಳಿ,” ಎಂದು ಬೇಡಿಕೊಂಡರು. ಕಿಯೋ-ಸಾನ್ ಸೊಸೆಯ ಕೆನ್ನೆ ಒರೆಸಿದರು. ಮಾತಾಡಲಿಲ್ಲ.

ಯೂಕೋ-ಸಾನ್ ಜೊತೆ ಫೋನ್ ನಂಬರ್ ಬದಲಿಸಿಕೊಂಡು, ಅವರನ್ನು ಟ್ಯಾಕ್ಸಿ ಹತ್ತಿಸಿ ಬಂದಾಗ ಕಾರ್ಮೆನು ಬಣ್ಣದ ಡಬ್ಬಿ ಮುಚ್ಚಿ, ಕೈಕಟ್ಟಿ ಕೂತಿದ್ದ. ಅಂದು ಅವನು ಮತ್ತೆ ಕೆಲಸ ಮಾಡಲಿಲ್ಲ.

ಸಂಜೆ ಮನೆಯಲ್ಲಿ ಗಂಡನಿಗೆ ಎಲ್ಲ ಹೇಳಿದೆ. ಅವರು ಲ್ಯಾಪ್‌ಟಾಪ್ ಮುಚ್ಚಿ ಪೂರ್ತಿ ಕೇಳಿಸಿಕೊಂಡರು. “ಸಿಂಪಲ್ ಕಣೇ,” ಎಂದರು. “ಅಜ್ಜಿ ಅವರ ಹಳ್ಳಿ ಭಾಷೇಲಿ ಏನೋ ಗೊಣಗಿದ್ದಾರೆ. ಅವನಿಗೆ ಮನೆ ನೆನಪು ಜಾಸ್ತಿ ಆಗಿದೆ, ಅವನ ಬ್ರೇನ್ ಅದನ್ನ ಮಾಲ್ಟೀಸ್ ಮಾಡ್ಕೊಂಡಿದೆ. ಅಷ್ಟೇ.”

“ಹಾಗಾದ್ರೆ ಅರ್ಥ ಹೇಗ್ರೀ ಮ್ಯಾಚ್ ಆಯ್ತು?”

“ನೀನು ಹೇಳಿದ್ಮೇಲೆ ಆಯಮ್ಮ ಹೌದು ಅಂದಿರ್ತಾರೆ. ಪಾಪ, ಅವರಿಗೂ ಅದೇ ಬೇಕಾಗಿತ್ತಲ್ವಾ?”

ನನ್ನ ವಿದ್ಯಾರ್ಥಿ ಬಂದು ಕೇಳಿದ್ದರೆ ನಾನೂ ಅದೇ ಉತ್ತರ ಕೊಡುತ್ತಿದ್ದೆ. ಆದರೆ ಯೂಕೋ-ಸಾನ್‌ಗೆ ಇಂಗ್ಲಿಷ್ ಬಾರದು, ಮತ್ತು ನಾನು ಜಪಾನಿಯಲ್ಲಿ ಹೇಳುವ ಮೊದಲೇ ಅವರು ಅಳುತ್ತಿದ್ದರು. ಅತ್ತೆಯ ದನಿ ಕೇಳಿದ್ದಕ್ಕೇ ಅಳು ಬಂದಿರಬಹುದು ಎಂದು ಸಮಾಧಾನ ಮಾಡಿಕೊಂಡೆ. ಮುಂದಿನ ದಿನಗಳಲ್ಲಿ ಇತಿಹಾಸದವಳು ಮಾಡಬೇಕಾದದ್ದನ್ನೆಲ್ಲ ಮಾಡಿದೆ. ಪ್ರದರ್ಶನದಲ್ಲಿ ಮಾಲ್ಟಾದ ಹಾಡು ಕೇಳಿಸುವ ಯಂತ್ರವೊಂದಿತ್ತು. ಅದರಲ್ಲಿದ್ದದ್ದನ್ನೆಲ್ಲ ಕಾರ್ಮೆನು ಜೊತೆ ಕೂತು ಕೇಳಿದೆ. ಆ ಮಾತು ಇರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಜಪಾನಿನ ನೌಕಾಪಡೆ ಮಾಲ್ಟಾದಲ್ಲಿ ಬೀಡುಬಿಟ್ಟಿತ್ತು. ಸತ್ತ ನಾವಿಕರ ಸಮಾಧಿ ಈಗಲೂ ಅಲ್ಲಿದೆ. ಅವರಲ್ಲಿ ಬದುಕಿ ಬಂದ ಯಾರಾದರೂ ಕಿಯೋ-ಸಾನ್ ಮನೆಯ ಹಿರಿಯರೇ ಎಂದು ಯೂಕೋ-ಸಾನ್‌ಗೆ ಫೋನ್ ಮಾಡಿ ವಿಚಾರಿಸಿದೆ. ಅತ್ತೆಯ ತವರಿನವರು ಬೆಟ್ಟದ ಕಡೆ ಅಣಬೆ ಬೆಳೆಯುವವರು, ನೌಕಾಪಡೆ ಸೇರಿದವರ ಸುದ್ದಿ ಕೇಳಿಲ್ಲ ಎಂದರು. ಕೇಳಿಲ್ಲ ಎಂದರೆ ಇರಲಿಲ್ಲ ಎಂದೇನೂ ಅಲ್ಲ. ಇದ್ದರೂ, ಗೋಜೋದ ಮುದುಕಿಯರ ಉಚ್ಚಾರಣೆಯನ್ನು ಮೂರು ತಲೆಮಾರು ದಾಟಿಸಿ ತರಲಾದೀತೇ?

ಪ್ರದರ್ಶನ ಮುಗಿಯಿತು. ದೋಣಿ ಹಡಗು ಹತ್ತಿತು, ಕಾರ್ಮೆನು ಊರಿಗೆ ಹೋದ. ವಿಮಾನ ನಿಲ್ದಾಣದಲ್ಲಿ, “ನನಗೆ ಅಮ್ಮ ಇಲ್ಲ. ಚಿಕ್ಕವನಿದ್ದಾಗಲೇ ತೀರಿಹೋದಳು. ಅಂದು ‘ಜೇಯ್, ಮಾ’ ಅಂದೆನಲ್ಲ, ಹಾಗೆ ‘ಬಂದೆ, ಅಮ್ಮಾ’ ಎಂದು ಯಾರಿಗೂ ಹೇಳಿದ ನೆನಪೇ ನನಗಿರಲಿಲ್ಲ,” ಎಂದ.

ಮರುವರ್ಷ ಯೂಕೋ-ಸಾನ್ ಫೋನ್ ಮಾಡಿದರು. ಕಿಯೋ-ಸಾನ್ ನಿದ್ದೆಯಲ್ಲೇ ತೀರಿಕೊಂಡಿದ್ದರು. ದೋಣಿಯ ಮುಂದೆ ಆಡಿದ್ದೇ ಕೊನೆಯ ಮಾತು. ನನಗೆ ತಿಳಿದ ಮಟ್ಟಿಗೆ ಸಾಂತ್ವನ ಹೇಳಿದೆ. ಅವರು ಶಾಂತವಾಗಿದ್ದರು. ಬಹಳ ದಿನದಿಂದ ಒಂದು ವಿಷಯ ಕೇಳಬೇಕೆಂದಿದ್ದೆ ಎಂದರು.

“ಅಂದು ನೀವು ಅತ್ತೆಯ ಮಾತನ್ನು ನನಗೆ ಪಟ್ಟಣದ ಜಪಾನಿಯಲ್ಲಿ ಬಿಡಿಸಿ ಹೇಳಿದಿರಲ್ಲ, ಯಾಕೆ? ಅತ್ತೆ ನಮ್ಮ ಊರಿನ ಮಾತಿನಲ್ಲೇ ಹೇಳಿದ್ದು. ನನಗೆ ಅರ್ಥವಾಗದೆ ಇರುತ್ತದೆಯೇ? ನನಗೆ ಭ್ರಮೆಯೋ ಏನೋ ಎಂದು ನಿಮಗೂ ಕೇಳಿಸಿತೇ ಎಂದು ಕೇಳಿದ್ದೆ, ಅಷ್ಟೇ.”

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

“ಇನ್ನೊಂದು,” ಎಂದರು. “ಆ ಹುಡುಗ ಎಷ್ಟು ಒಳ್ಳೆಯವನು. ನಮ್ಮ ಹಳ್ಳಿಯ ಮಾತು ಎಲ್ಲಿ ಕಲಿತನೋ. ನನ್ನ ಗಂಡ ಹೇಳುತ್ತಿದ್ದಂತೆಯೇ, ತಿರುಗಿಯೂ ನೋಡದೆ, ‘ಬಂದೆ, ಅಮ್ಮಾ’ ಅಂದ. ಅದು ಅತ್ತೆಗೆ ಕೇಳಿಸಿತು. ನನಗೂ ಕೇಳಿಸಿತು. ನಿಮಗೆ ಕೇಳಿಸಿತಾ?”

ಕಾರ್ಮೆನು ಆಡಿದ್ದು ‘ಜೇಯ್, ಮಾ’. ಅದರಲ್ಲಿ ನನಗೆ ಅಂದೂ ಅನುಮಾನವಿರಲಿಲ್ಲ, ಇಂದೂ ಇಲ್ಲ. ಆ ಕಡೆ ಅವರು ಕಾಯುತ್ತಿದ್ದರು.

“ಹೌದು, ಕೇಳಿಸಿತು,” ಎಂದೆ.

ಅದು ಸುಳ್ಳಲ್ಲ. ಯಾವ ಭಾಷೆಯಲ್ಲಿ ಎಂದು ಅವರು ಕೇಳಲಿಲ್ಲ.