ಪಟೇಲನಿಗೆ ಜೊತೆ ಹುಡುಕಿದ್ದು

ಮೊನ್ನೆ ಬಣ್ಣ ಹೊಡೆಯೋ ಚಂದ್ರಪ್ಪ ನಮ್ಮ ನಡುಮನೆ ಗೋಡೆ ಮುಂದೆ ಕುಕ್ಕರುಗಾಲಲ್ಲಿ ಕೂತು, ಕೈಲಿದ್ದ ತಗಡಿನ ತುಂಡಲ್ಲಿ ಒಂದು ಕಡೆ ಕೆರೆದ. ಬಿಳೀ ಪುಡಿ ಹಿಟ್ಟಿನ ಹಂಗೆ ಉದುರಿತು. ಅದನ್ನ ಮೂಸಿ ನೋಡಿದ.

"ಸಾ, ಇದು ಸುಣ್ಣ ಅಲ್ಲ. ಗೋಡೆ ಉಪ್ಪು ಬುಟ್ಟೈತೆ. ಎಷ್ಟು ಕೋಟು ಹೊಡುದ್ರೂ ಬಣ್ಣ ನಿಲ್ಲಾಕಿಲ್ಲ. ಏನಿಟ್ಟಿದ್ರಿ ಇಲ್ಲಿ?"

"ಸಮುದ್ರ ಇಟ್ಟಿದ್ವಿ" ಅಂದೆ.

ಅವನು ನಗಲಿಲ್ಲ. ಎದ್ದು ಗೋಡೇನ ಕೈಯಿಂದ ತಟ್ಟಿದ. "ಇದು ಸೂರು ಹೊತ್ತಿರೋ ಗೋಡೆ ಅಲ್ಲ ಸಾ, ಸುಮ್ನೆ ಅಡ್ಡ ಎಬ್ಸಿರೋದು. ಆಕಡೆ ಇರೋದು ನಿಮ್ಮಣ್ಣಾರೇ ಅಲ್ವಾ? ಒಡ್ಸಾಕ್ಬುಡಿ. ಹಾಲ್ ಅಗಲ ಆಯ್ತದೆ, ಉಪ್ಪಿನ ಕಾಟಾನೂ ತಪ್ತದೆ."

ಕೇಳಿ ಹೇಳ್ತೀನಿ ಅಂತ ಕಳಿಸಿದೆ. ಆಮೇಲೆ ಇದನ್ನ ಟೈಪ್ ಮಾಡೋಕೆ ಕೂತೆ. ನೀವು ಓದೋದು ಬೇಗ ಮುಗಿಯುತ್ತೆ, ನನಗೆ ಒಂದೊಂದು ಅಕ್ಷರ ಹುಡುಕಬೇಕು. ಮದುವೆ ಆದ ಮೇಲೆ ಎಸ್ಸೆಸ್ಸೆಲ್ಸಿ ಪಾಸು ಮಾಡಿದವನು ನಾನು. ಪರೀಕ್ಷೆ ಹಾಲಲ್ಲಿ ಹುಡುಗರೆಲ್ಲ ನನ್ನ ಸೂಪರ್‌ವೈಸರ್ ಅಂದ್ಕೊಂಡು ಎದ್ದು ನಿಂತಿದ್ರು. ಆ ಗೌರವ ಮಾರ್ಕ್ಸಲ್ಲಿ ಸಿಗಲಿಲ್ಲ.

ಸಮುದ್ರ ಅಂದೆನಲ್ಲ, ಅದು ಗಾಜಿನ ತೊಟ್ಟಿ. ಹಾರೋಹಳ್ಳಿ ಸುತ್ತ ರಾಗಿ ಹೊಲಗಳೆಲ್ಲ ಒಂದೊಂದಾಗಿ ಶೆಡ್ಡಾಗ್ತಿದ್ದ ಕಾಲ. ನಾನು ಒಂದು ಫ್ಯಾಕ್ಟರಿಯ ಸ್ಟೋರಲ್ಲಿದ್ದೆ, ಅಣ್ಣ ಇನ್ನೊಂದರ ಆಫೀಸಲ್ಲಿ ಅಟೆಂಡರು. ಅವನ ಮ್ಯಾನೇಜರಿಗೆ ಉಪ್ಪುನೀರಿನ ಮೀನಿನ ಹುಚ್ಚು. ರಿಸೆಪ್ಶನ್ನಲ್ಲಿ ಒಂದು ಸಣ್ಣ ತೊಟ್ಟಿ, ಅದರೊಳಗೆ ಸಮುದ್ರದಿಂದ ತಂದ ತೂತುತೂತು ಕಲ್ಲು, ಕಲ್ಲಿನ ಮೇಲೆ ಅಣಬೆ ಥರ, ಬೆರಳಿನ ಥರ ಅಲ್ಲಾಡೋ ಹವಳ. ಸಾಹೇಬ್ರಿಗೆ ಬೇರೆ ರಾಜ್ಯಕ್ಕೆ ವರ್ಗ ಆದಾಗ, ದಿನಾ ಅದನ್ನ ತೊಳೆದು ನೋಡ್ಕೊಂಡಿದ್ದ ಅಣ್ಣನಿಗೇ ಕೊಟ್ಟು ಹೋದ್ರು. ಲಗೇಜ್ ಆಟೋದಲ್ಲಿ ಸಮುದ್ರ ನಮ್ಮನೆಗೆ ಬಂತು. ದಾರೀಲಿ ಅರ್ಧ ಚೆಲ್ಲಿತ್ತು.

ಅದರಲ್ಲಿದ್ದದ್ದು ಒಂದೇ ಮೀನು. ಹೆಬ್ಬೆರಳುದ್ದ, ಕಂದುಬಣ್ಣ. ಬ್ಲೆನ್ನಿ ಅಂತ ಅದರ ಹೆಸರು. ಈಜೋದಕ್ಕಿಂತ ಕೂರೋದೇ ಜಾಸ್ತಿ. ಕಲ್ಲಿನ ತೂತಲ್ಲಿ ಹಿಂದುಮುಂದಾಗಿ ಹೊಕ್ಕಂಡು ಮೂತಿ ಮಾತ್ರ ಆಚೆ ಇಟ್ಟು, ಒಂದು ಕಣ್ಣನ್ನ ಬಾಗಿಲ ಕಡೆ, ಇನ್ನೊಂದನ್ನ ಅಡುಗೆಮನೆ ಕಡೆ ತಿರುಗಿಸ್ತಿತ್ತು. ಕಣ್ಣಿನ ಮೇಲೆ ಎರಡು ಕೂದಲು, ಮೀಸೆ ಜಾಗ ತಪ್ಪಿ ಬೆಳೆದಂಗೆ. ಜಗಲಿ ಮೇಲೆ ಕೂತು ಬರೋರು ಹೋಗೋರನ್ನೆಲ್ಲ ವಿಚಾರಿಸೋ ಹಳೇ ಪಟೇಲರ ಥರವೇ. ಅಣ್ಣ ಅದಕ್ಕೆ ಪಟೇಲ ಅಂತಲೇ ಹೆಸರಿಟ್ಟ.

ಉಪ್ಪು ಸರಿ ಐತಾ ಅಂತ ನೋಡೋಕೆ ಸಾಹೇಬ್ರು ಒಂದು ಅಳತೆ ಡಬ್ಬಿ ಕೊಟ್ಟಿದ್ರು. ಅಣ್ಣ ಅದನ್ನ ಮೂಲೆಗಿಟ್ಟು ನೀರಿಗೆ ಬೆರಳದ್ದಿ ನಾಲಿಗೆಗೆ ಇಟ್ಕೊಳ್ತಿದ್ದ. ಕಣ್ಣುಮುಚ್ಚಿ, ಸಾರಿನ ರುಚಿ ನೋಡೋ ಹಂಗೆ. "ಒಸಿ ಕಮ್ಮಿ ಐತೆ ಕಣ್ಲಾ" ಅಂತಿದ್ದ. ನಾನು ಕದ್ದು ಡಬ್ಬೀಲಿ ಅಳೆದು ಆಮೇಲೆ ಉಪ್ಪು ಹಾಕ್ತಿದ್ದೆ. ಕರೆಂಟ್ ಹೋದಾಗ ಪಂಪು ನಿಲ್ಲೋದು, ಆಗ ಮನೇಲಿ ಯಾರ ಕೈ ಖಾಲಿ ಇದ್ರೆ ಅವರು ಚೆಂಬಲ್ಲಿ ನೀರು ಎತ್ತಿ ಎತ್ತಿ ಹುಯ್ಯಬೇಕು. ಶಿಫ್ಟ್ ಮುಗಿಸಿ ಬಂದು, ಸಮುದ್ರಕ್ಕೆ ಅಲೆ ಎಬ್ಬಿಸಿ ಎಬ್ಬಿಸಿ ನನ್ನ ರಟ್ಟೆ ಸೋತೋಗಿತ್ತು.

ರಟ್ಟೆ ಸೋತದ್ದು ದೊಡ್ಡದಲ್ಲ. ಆ ವರ್ಷ ಮನೇಲಿ ಬೇರೆ ಒಂದು ನಡೀತಿತ್ತು.

ಅತ್ತಿಗೆ ಜಯಮ್ಮ, ನನ್ನ ಹೆಂಡ್ತಿ ರತ್ನ, ಇಬ್ಬರೂ ಒಡಹುಟ್ಟಿದೋರು. ವಿರೂಪಾಕ್ಷಿಪುರದ ನಮ್ಮ ಸೋದರಮಾವನ ಮಕ್ಕಳು. ಅಪ್ಪ ಬೇಕಂತಲೇ ಹಂಗೆ ತಂದಿದ್ದು. ಹೊರಗಿನೋರು ಬಂದ್ರೆ ಮನೆ ಒಡೀತಾರೆ, ಅಕ್ಕ ತಂಗಿ ಆದ್ರೆ ಒಂದೇ ಒಲೇಲಿ ಬೇಯಿಸ್ಕೊಂಡಿರ್ತಾರೆ ಅನ್ನೋದು ಅಪ್ಪನ ಲೆಕ್ಕ. ನಮ್ಮ ಕಡೆ ಎಲ್ಲರ ಲೆಕ್ಕಾನೂ ಅದೇ. ಅಪ್ಪ ಹೋದ ಮೇಲೆ ಆ ಲೆಕ್ಕಾನ ಅಣ್ಣ ತಲೆ ಮೇಲೆ ಹೊತ್ಕೊಂಡಿದ್ದ.

ಆದರೆ ಅವರಿಬ್ಬರಿಗೂ ಬಸ್ಸಾರಿನ ಮೇಲೇ ಜಗಳ. ಒಬ್ಬಳು ಕಾಯಿ ಹುರಿದು ರುಬ್ಬಬೇಕು ಅಂತ, ಇನ್ನೊಬ್ಬಳು ಹಸಿದೇ ರುಬ್ಬಬೇಕು ಅಂತ. "ನಮ್ಮವ್ವ ಹಿಂಗೇ ಮಾಡ್ತಿದ್ದುದ್ದು" ಅಂತ ಇಬ್ಬರೂ ಹೇಳೋರು. ಬೇರೆ ಬೇರೆ ಮನೆಯಿಂದ ಬಂದೋರಾಗಿದ್ರೆ ನಿಮ್ಮೂರ ಸಾರು ನಿಮಗೆ, ನಮ್ಮೂರ ಸಾರು ನಮಗೆ ಅಂತ ಬಿಡಬಹುದಿತ್ತು. ಇಲ್ಲಿ ಇಬ್ಬರೂ ಹಿಡಿದೆಳೆದದ್ದು ಒಬ್ಬಳೇ ಅವ್ವನ್ನ. ಕಡೆಗೆ ಮಾತೇ ನಿಂತೋಯ್ತು. ಬೇರೆ ಒಲೆ ಹಾಕ್ಕೊಳ್ಳೋಣ ಅಂತ ರತ್ನ ನನ್ನ ಕಿವೀಲಿ ದಿನಾ ಊದೋಳು. ಒಂದ್ಸಲ ಧೈರ್ಯ ಮಾಡಿ ಅಣ್ಣನ ಮುಂದೆ ಬಾಯಿಬಿಟ್ಟೆ.

"ನಾನು ಉಸ್ರಾಡೋಗಂಟ ಈ ಮನೇಲಿ ಒಂದೇ ಒಲೆ ಕಣ್ಲಾ" ಅಂದ. ಕೋಪ ಇರಲಿಲ್ಲ, ಕಣ್ಣಲ್ಲಿ ನೀರಿತ್ತು. ಆ ಮಾತನ್ನ ಅಲ್ಲಿಗೇ ಬಿಟ್ಟೆ. ಆಕಡೆಗೂ ಈಕಡೆಗೂ ತಲೆ ಆಡಿಸಿ ಆಡಿಸಿ ಕತ್ತು ನೋಯೋದು. ಫ್ಯಾಕ್ಟರಿಯ ಮಿಷನ್ನಿನ ಸದ್ದೇ ವಾಸಿ ಅನ್ನಿಸ್ತಿತ್ತು.

ಹಿಂಗಿರೋವಾಗ ಅಣ್ಣನಿಗೆ ಪಟೇಲನ ಚಿಂತೆ ಹತ್ತಿತು. "ಒಂಟಿ ಐತೆ, ಪಾಪ. ಜೊತೆಗೊಂದು ತರಾನ." ಯಾವ ಮೀನು ತರೋದು ಅನ್ನೋದಕ್ಕೆ ನಡುಮನೇಲಿ ಪಂಚಾಯ್ತಿ ನಡೀತು, ಸಂಬಂಧ ಹುಡುಕಿದಂಗೆ. ಆಶ್ಚರ್ಯ ಅಂದ್ರೆ ಅಕ್ಕ ತಂಗಿ ಇಬ್ಬರೂ ಬಂದು ಕೂತ್ರು.

"ಬ್ಯಾರೆ ಕುಲದ್ದು ತಂದ್ರೆ ಹೊಂದ್ಕತದಾ? ಅದ್ರದ್ದೇ ತರ್ಬೇಕು" ಅಂದ್ರು ಅತ್ತಿಗೆ, ಗೋಡೆ ನೋಡ್ಕೊಂಡು.

"ಹೂಂ, ತನ್ನೋರಾದ್ರೆ ಅನುಸರಿಸ್ಕೊಂಡೋಯ್ತದೆ" ಅಂದಳು ರತ್ನ, ನೆಲ ನೋಡ್ಕೊಂಡು.

ಅಣ್ಣನ ಮುಖ ಅರಳಿತು. ಮೀನಿನ ನೆವದಲ್ಲಾದ್ರೂ ಇಬ್ಬರ ಬಾಯಿಂದ ಒಂದೇ ಮಾತು ಬಂತಲ್ಲ ಅಂತ.

ಭಾನುವಾರ ಬಸ್ಸು ಹತ್ತಿ ಬೆಂಗಳೂರಿಗೆ ಹೋದ್ವಿ. ಉಪ್ಪುನೀರಿನ ಮೀನು ಮಾರೋ ಅಂಗಡಿ ಒಬ್ಬ ವಯಸ್ಸಾದ ಸಾಬ್ರದ್ದು. ಪಟೇಲನಂಥದ್ದೇ ಇನ್ನೊಂದು ಬೇಕು ಅಂದದ್ದಕ್ಕೆ ಅವರು ಕೈ ಅಡ್ಡ ಆಡಿಸಿದ್ರು.

"ಬೇಡ ಅಣ್ಣಾ. ಚಿಕ್ಕ ಟ್ಯಾಂಕು ನಿಮ್ದು. ಅದೇ ಆಕಾರ, ಅದೇ ಊಟ, ಅದೇ ತೂತು ಕೇಳ್ತದೆ. ಹೊಡ್ದಾಡ್ತವೆ. ಈ ಗೋಬಿ ಮೀನು ತಗಳ್ಳಿ. ಇದು ಕೆಳಗೆ ಮರಳಲ್ಲಿ ಇರ್ತದೆ, ಹುಳಗಿಳ ತಿಂತದೆ. ನಿಮ್ದು ಮೇಲೆ ಕಲ್ಲಲ್ಲಿ ಪಾಚಿ ತಿಂತದೆ. ಇವ್ನಿಗೆ ಅವ್ನ ಹತ್ರ ಕೆಲ್ಸಾನೇ ಇಲ್ಲ."

"ಅಲ್ಲ ಸಾಬ್ರೇ, ನಿಮ್ಮಲ್ಲೂ ಸಂಬಂಧ ಒಳಗೊಳಗೇ ಮಾಡ್ತೀರಲ್ವಾ?" ಅಂದ ಅಣ್ಣ.

"ಮಾಡ್ತೀವಿ. ಆಮೇಲೆ ಆಚೆ ಬಂದು ಅಂಗಡೀಲಿ ಕೂತ್ಕೋತೀವಿ" ಅಂದು ಸಾಬ್ರು ನಕ್ಕರು. "ಸಮುದ್ರದಲ್ಲಿ ಒಬ್ಬ ಓಡ್ಸಿದ್ರೆ ಇನ್ನೊಬ್ಬ ಓಡೋಗ್ತಾನೆ, ಮುಗೀತು. ಗಾಜಿನ ಡಬ್ಬೀಲಿ ಎಲ್ಲಿಗೆ ಓಡ್ಲಿ, ಹೇಳಿ?"

ಅಣ್ಣ ಕೇಳಲಿಲ್ಲ. ಹುಡುಕಿ ಹುಡುಕಿ ಪಟೇಲನ ತದ್ರೂಪದ್ದೇ ಒಂದನ್ನ ಆರಿಸಿದ. ನೀರು ತುಂಬಿದ ಪ್ಲಾಸ್ಟಿಕ್ ಚೀಲ ತೊಡೆ ಮೇಲಿಟ್ಕೊಂಡು ವಾಪಸ್ ಬರೋವಾಗ ಕಂಡಕ್ಟ್ರು, "ಏನ್ರೀ ಇದು, ಸಾರಿಗಾ?" ಅಂದ. "ನಮ್ಮನೆ ನೆಂಟ್ರು" ಅಂದ ಅಣ್ಣ. ಬಾಗಿಲಲ್ಲಿ ಅತ್ತಿಗೆ ಕೆಂಪುನೀರಿನ ಆರತಿ ತಟ್ಟೆ ಹಿಡ್ಕೊಂಡು ನಿಂತಿದ್ರು. ರತ್ನ ನಗು ತಡೀಲಾರದೆ ಸೆರಗು ಬಾಯಿಗಿಟ್ಕೊಂಡಳು. ಆ ಸಂಜೆ ಒಂದು ಹೊತ್ತು ನಮ್ಮನೆ ಬಲು ಚೆನ್ನಾಗಿತ್ತು.

ಹೊಸದನ್ನ ನೀರಿಗೆ ಬಿಡುತ್ತಲೂ ಪಟೇಲನ ಬಣ್ಣ ಕಪ್ಪಗಾಯ್ತು. ಬಾಣದ ಹಂಗೆ ಬಂದು ಗುದ್ದಿದ. ಹೊಸದು ಒಂದು ತೂತಿಗೆ ಹೋಯ್ತು, ಅಲ್ಲಿಂದ ಎಬ್ಬಿಸಿದ. ಇನ್ನೊಂದಕ್ಕೆ ಹೋಯ್ತು, ಅಲ್ಲಿಂದಲೂ ಎಬ್ಬಿಸಿದ. "ಹೊಸದರಲ್ಲಿ ಹಂಗೇ, ಹೊಂದ್ಕತವೆ" ಅಂದ ಅಣ್ಣ. ದಿನಾ ಬೆಳಿಗ್ಗೆ ಅದನ್ನೇ ಅನ್ನೋನು. ಹೊಸದರ ರೆಕ್ಕೆ ಹರಿದು ಜೂಲು ಜೂಲಾಯ್ತು. ಪಂಪಿನ ಪೈಪಿಗೂ ಗಾಜಿಗೂ ನಡುವೆ ನೀರಿನ ಮೇಲ್ಗಡೆ ಸಿಕ್ಕಿಸ್ಕೊಂಡು ಇರೋದು, ಊಟಕ್ಕೂ ಇಳೀತಿರಲಿಲ್ಲ.

ಮನೇಲಿ ಅದಕ್ಕೂ ಪಕ್ಷ ಆಯ್ತು.

"ಮೊದ್ಲು ಬಂದೋನ ಮನೆ ಅದು. ಬಂದೋರು ತಗ್ಗಿ ಬಗ್ಗಿ ಇರ್ಬೇಕಪ್ಪ" ಅಂತ ಅತ್ತಿಗೆ ಪಟೇಲನಿಗೆ ಹೇಳೋರು.

"ಕರ್ಕಂಡ್ ಬರೋವಾಗ ಆರತಿ ಎತ್ತೋದು, ಆಮೇಲೆ ತಿವಿಯೋದು" ಅಂತ ರತ್ನ ಪೈಪಿನ ಹಿಂದಿದ್ದದ್ದಕ್ಕೆ ಹೇಳೋಳು.

ಮೀನಿಗೆ ಇದ್ಯಾವುದೂ ಕೇಳಿಸ್ತಿರಲಿಲ್ಲ. ಅಣ್ಣನಿಗೆ ಎಲ್ಲ ಕೇಳಿಸ್ತಿತ್ತು. ಅವನು ತೊಟ್ಟಿ ಮುಂದೆ ಸ್ಟೂಲ್ ಹಾಕ್ಕೊಂಡು ಕೂತಿರೋನು. ಕಲ್ಲು ಅತ್ತಿತ್ತ ಜರುಗಿಸಿ ಹೊಸ ತೂತು ಮಾಡಿಕೊಟ್ಟ. ಪಟೇಲ ಅದನ್ನೂ ತನ್ನದು ಮಾಡ್ಕೊಂಡ.

ಒಂದು ಬೆಳಿಗ್ಗೆ ರತ್ನ ಕಸ ಗುಡಿಸ್ತಾ ಇದ್ದೋಳು "ಅಯ್ಯೋ" ಅಂದಳು. ಓಡಿ ಬಂದ್ವಿ. ಹೊಸ ಮೀನು ಪೊರಕೆ ಮುಂದೆ ನೆಲದ ಮೇಲೆ ಬಿದ್ದಿತ್ತು, ಮೈಗೆಲ್ಲ ದೂಳು. ತೊಟ್ಟಿಯಿಂದ ಆಚೆ ಹಾರಿತ್ತು. ಸತ್ತೋಗಿದೆ ಅಂದ್ಕೊಂಡೆ. ಅತ್ತಿಗೇನೇ ಬಗ್ಗಿ ಅಂಗೈಗೆ ಎತ್ಕೊಂಡ್ರು. ಕಿವಿರು ಒಂದ್ಸಲ ಆಡಿತು. ಮೇಜಿನ ಕೆಳಗೆ ಉಪ್ಪುನೀರು ಕಲಸಿಟ್ಟ ಬಕೆಟ್ ಇತ್ತು, ರತ್ನ ಅದನ್ನ ಎಳೆದು ತಂದಳು, ಅತ್ತಿಗೆ ಕೈ ಸಮೇತ ಮುಳುಗಿಸಿ ಹಿಡಿದ್ರು. ಇಬ್ಬರೂ ತಲೆಗೆ ತಲೆ ತಾಗಿಸ್ಕೊಂಡು ಬಕೆಟ್ಟಿನೊಳಗೆ ನೋಡ್ತಾ ಕೂತ್ರು. ಬಹಳ ಹೊತ್ತಾದ ಮೇಲೆ ಅದು ಬಾಲ ಆಡಿಸ್ತು.

ರತ್ನ ತಲೆ ಎತ್ತಿ ಅಣ್ಣನ್ನ ನೋಡಿದಳು. ಚುಚ್ಚಿ ಮಾತಾಡೋಳು, ಆವತ್ತು ಮೆತ್ತಗೆ ಮಾತಾಡಿದಳು. "ಭಾವ, ಇದು ಒಣನೆಲ ಅಂತ ಗೊತ್ತಿಲ್ದೆ ಹಾರಿಲ್ಲ. ಅಲ್ಲಿ ಇರಕ್ಕಾಗ್ದೆ ಹಾರೈತೆ."

ಅಣ್ಣ ಅತ್ತಿಗೆ ಕಡೆ ನೋಡಿದ. ಅವರು ಬಕೆಟ್ಟಿಂದ ಕಣ್ಣು ತೆಗೀದೆ, "ಹೂಂ ಕಣ್ರೀ" ಅಂದ್ರು.

ಅಣ್ಣ ಆವತ್ತು ಡ್ಯೂಟಿಗೆ ಹೋಗಲಿಲ್ಲ. ಮೀನನ್ನ ಚೀಲಕ್ಕೆ ಹಾಕ್ಕೊಂಡು ಒಬ್ಬನೇ ಬಸ್ಸು ಹತ್ತಿದ. ವಾಪಸ್ ಬಂದಾಗ ಕೈಲಿ ಸಾಬ್ರು ಹೇಳಿದ್ದ ಆ ಗೋಬಿ ಇತ್ತು. ಹಳದಿ, ಮಂಕುಮೋರೆ. ನೀರಿಗೆ ಬಿಡುತ್ತಲೂ ಕೆಳಗಿಳಿದು ಮರಳು ತೋಡೋಕೆ ಶುರು ಮಾಡ್ತು. ಪಟೇಲ ಒಂದು ಕಣ್ಣಲ್ಲಿ ಅದನ್ನ ನೋಡಿದ, ಇನ್ನೊಂದು ಕಣ್ಣನ್ನ ಬಾಗಿಲ ಕಡೆಗೇ ಇಟ್ಟಿದ್ದ. ಅಷ್ಟೇ.

ಮಾರನೇ ವಾರ ಮನೆ ಮುಂದೆ ಸಿಮೆಂಟ್ ಇಟ್ಟಿಗೆ ಇಳೀತು. ನಾನು ಕೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. "ಆಕಡೆ ಒಲೆ ಹಾಕ್ಕಳ್ರಿ" ಅಂದ ಅಣ್ಣ, ನನ್ನ ಮುಖ ನೋಡದೆ. ಗಾರೆಯೋನ ಜೊತೆ ತಾನೇ ನಿಂತು ನಡುಮನೆಗೆ ಅಡ್ಡ ಗೋಡೆ ಎಬ್ಬಿಸಿದ. ಗೋಡೆ ಹಸಿ ಆರೋದರೊಳಗೆ ತೊಟ್ಟೀನ ಅದಕ್ಕೇ ಒತ್ತರಿಸಿ ಇಟ್ಟ. ಪಟೇಲ ಇನ್ನೂ ಸುಮಾರು ದಿನ ಬದುಕಿದ್ದ. ಆಮೇಲೆ ಗೋಬಿ ಹೋಯ್ತು, ಹವಳ ಹೋಯ್ತು, ತೊಟ್ಟಿ ಸಂದು ಬಿಟ್ಟು ಸೋರಿ ಸೋರಿ ಖಾಲಿ ಆಯ್ತು. ಆ ಉಪ್ಪನ್ನ ಗೋಡೆ ಕುಡಿದು ಆಕಡೆಗೂ ಈಕಡೆಗೂ ಬಿಟ್ಟಿದೆ.

ಇಷ್ಟು ಟೈಪ್ ಮಾಡಿ ಬೆರಳು ನೋಯ್ತು. ಎದ್ದು ಪಕ್ಕದ ಮನೆಗೆ ಹೋಗಿ ಅಣ್ಣನಿಗೆ ಚಂದ್ರಪ್ಪ ಅಂದದ್ದು ಹೇಳಿದೆ. ಈಗ ಅವನಿಗೆ ಕಿವಿ ಮಂದ, ಎರಡೆರಡು ಸಲ ಹೇಳಬೇಕು. ಒಡಿಯೋದಾ ಅಂತ ಕೇಳಿದ. ಹೂಂ ಅಂದೆ. ನನ್ನ ಹೆಗಲು ಹಿಡ್ಕೊಂಡು ನಮ್ಮ ಕಡೆ ಬಂದ. ಅಡುಗೆಮನೇಲಿ ಅತ್ತಿಗೆ ತಂದ ಬಸ್ಸಾರಿನ ಪಾತ್ರೆ ಮುಚ್ಚಿಟ್ಟಿತ್ತು. ಹಿತ್ತಲ ಕಡೆಯಿಂದ ಅಕ್ಕ ತಂಗಿ ಸದ್ದು ಕೇಳ್ತಿತ್ತು, ಅವ್ವ ಕಾಯಿ ಹುರೀತಿದ್ಲೋ ಇಲ್ಲವೋ ಅಂತ, ನಗ್ತಾ.

ಅಣ್ಣ ಗೋಡೆ ಹತ್ರ ಬಗ್ಗಿದ. ಬೆರಳನ್ನ ಆ ಬಿಳೀ ಪುಡಿಗೆ ಒತ್ತಿ ನಾಲಿಗೆಗೆ ಇಟ್ಕೊಂಡ. ಕಣ್ಣು ಮುಚ್ಚಿದ.

"ಒಸಿ ಜಾಸ್ತಿ ಐತೆ ಕಣ್ಲಾ" ಅಂದ. "ಇರ್ಲಿ, ಬುಡು."

ಚಂದ್ರಪ್ಪನಿಗೆ ಫೋನ್ ಮಾಡಿದೆ. ಮಿಕ್ಕ ಮೂರು ಗೋಡೆಗೆ ಬಣ್ಣ ಹೊಡಿ, ಅದೊಂದನ್ನ ಹಂಗೇ ಬಿಡು ಅಂದೆ.