ಮೀನಿನ ಪಕ್ಕದ ಗ್ಲಿಸರಿನ್ ಗುಳಿಗೆ

ಗುಳಿಗೆ ಬಸ್ಸಿನಲ್ಲೇ ಕರಗಿ ನೀರಾಗಬಹುದಿತ್ತು. ಕರಗದಿದ್ದರೆ ಒಳಗೆ ಹೋಗುವಾಗ ತುಂಡಾಗಬಹುದಿತ್ತು. ನನ್ನ ಉಗುರು ತಾಗಿ ಗಾಯವಾಗಬಹುದಿತ್ತು. ಅದಕ್ಕೆಂದೇ ಉಗುರು ಕತ್ತರಿಸಿಕೊಳ್ಳಲು ಹೋಗಿ ಬೆರಳಿನ ತುದಿಯನ್ನೂ ಸ್ವಲ್ಪ ಕತ್ತರಿಸಿಕೊಂಡಿದ್ದೆ. ಮಗಳು ಒದ್ದಾಡಿ ಮಂಚದಿಂದ ಬೀಳಬಹುದಿತ್ತು. ಗುಳಿಗೆ ಏನೂ ಮಾಡದೆ ಇರಬಹುದಿತ್ತು, ಇಲ್ಲವೇ ಅತಿಯಾಗಿ ಮಾಡಿ ಭೇದಿ ಹತ್ತಬಹುದಿತ್ತು. ಕರುಳಿಗೆ ಅದೇ ರೂಢಿಯಾಗಿ, ಮುಂದೆ ಅವಳ ಮದುವೆಯ ದಿನ ಮಂಟಪದ ಹಿಂದೆ ನಾನು ಡಬ್ಬಿ ಹಿಡಿದು ನಿಲ್ಲಬೇಕಾಗಬಹುದಿತ್ತು. ಕರುಳು ಆಗಲೇ ಗಂಟುಬಿದ್ದಿರಬಹುದಿತ್ತು. ಈ ಕೊನೆಯದನ್ನು ಮಾತ್ರ ನಾನು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿರಲಿಲ್ಲ.

ಆಗ ನಾನು ಕಾರವಾರದಲ್ಲಿ ಸರಕಾರಿ ಗುಮಾಸ್ತ. ಕಿಸೆಗೆ ಮೊಬೈಲು ಬಂದ ಹೊಸತು. ಮದುವೆ ತಡವಾಗಿತ್ತು, ಮಗು ಇನ್ನೂ ತಡ. ನಲವತ್ತು ದಾಟಿ ಅಪ್ಪನಾದವನಿಗೆ ಚಿಂತೆ ಮಾಡುವ ವಿದ್ಯೆ ಮೊದಲೇ ಕೈವಶವಾಗಿರುತ್ತದೆ. ಮಗಳು ಹುಟ್ಟಿದ್ದು ಆ ವಿದ್ಯೆಗೊಂದು ಕಾಯಂ ನೌಕರಿ ಸಿಕ್ಕಂತಾಯಿತು. ಅವಳಿಗಿನ್ನೂ ನಾಲ್ಕು ತುಂಬಿರಲಿಲ್ಲ. ಬೇಸಿಗೆಯಲ್ಲಿ ಜ್ವರ ಬಂದು ಅನ್ನ ನೀರು ಬಿಟ್ಟಳು. ಜ್ವರ ಇಳಿಯಿತು, ಹೊಟ್ಟೆ ಕಟ್ಟಿತು. ಒಂದು ಬೆಳಿಗ್ಗೆ ಸಂಡಾಸಿನಲ್ಲಿ ಕಿರುಚಿಕೊಂಡಳು. ಚೂರು ರಕ್ತವೂ ಬಂತು. ಅಂದಿನಿಂದ ಅವಳು ಆ ಬಾಗಿಲಿನ ಕಡೆ ಕಾಲು ಹಾಕಲಿಲ್ಲ.

ಹೊಟ್ಟೆ ನುಲಿದಾಗಲೆಲ್ಲ ಬಾಗಿಲ ಚೌಕಟ್ಟು ಹಿಡಿದು, ತುದಿಗಾಲಲ್ಲಿ ನಿಂತು, ತೊಡೆ ಬಿಗಿಹಿಡಿದು, ಮುಖ ಕೆಂಪು ಮಾಡಿಕೊಳ್ಳುತ್ತಿದ್ದಳು. ನಾವು ಗಂಡ ಹೆಂಡತಿ ಎದುರು ಕೂತು ‘ಹಾಂ, ಇನ್ನೂ ಸ್ವಲ್ಪ, ತಿಣುಕು ಪುಟ್ಟಾ’ ಎಂದು ಹುರಿದುಂಬಿಸುತ್ತಿದ್ದೆವು.

ಮಕ್ಕಳ ಡಾಕ್ಟರು ಅದನ್ನು ಕೇಳಿ ತಲೆಯಲ್ಲಾಡಿಸಿದರು. “ಅವಳು ತಿಣುಕ್ತಾ ಇಲ್ಲ ಮಾರಾಯ್ರೆ, ತಡ್ಕೊಳ್ತಾ ಇದ್ದಾಳೆ. ನೋವಾಗ್ತದೆ ಅಂತ ಹೆದರಿಕೆ. ತಡೆದಷ್ಟೂ ಗಟ್ಟಿ, ಗಟ್ಟಿಯಾದಷ್ಟೂ ನೋವು.” ಕುಡಿಯಲು ಒಂದು ಔಷಧಿ ಬರೆದರು. ಅದು ನಿಧಾನ. ಈಗ ಸಿಕ್ಕಿಕೊಂಡದ್ದನ್ನು ಬಿಡಿಸಲು ಹಿಂದಿನಿಂದ ಇಡುವ ಗ್ಲಿಸರಿನ್ ಗುಳಿಗೆ, ಮಕ್ಕಳ ಅಳತೆಯದು. “ದಿನಾ ಇಡುದಲ್ಲ ಮತ್ತೆ. ಅದಕ್ಕೂ ಆಗದಿದ್ರೆ, ವಾಂತಿ ಬಂದ್ರೆ, ಹೊಟ್ಟೆ ಉಬ್ಬಿದ್ರೆ ಕೂಡಲೇ ಕರ್ಕೊಂಡು ಬನ್ನಿ. ಅಡ್ಮಿಟ್ ಮಾಡುವ.”

ಹೊಟ್ಟೆ ಉಬ್ಬಿದ್ರೆ. ನನಗೊಬ್ಬ ತಮ್ಮನಿದ್ದ. ಅಂಕೋಲೆಯ ಕಡೆಯ ನಮ್ಮ ಹಳ್ಳಿಯಲ್ಲಿ, ಇದೇ ವಯಸ್ಸಿನಲ್ಲಿ, ಹೊಟ್ಟೆ ಕಟ್ಟಿ ಉಬ್ಬಿ ತೀರಿಹೋದ. ನಮ್ಮ ತಾಯಿ ಅವ್ವಿ ಆಗ ಎಲ್ಲರೂ ಮಾಡುವಂತೆ ವೀಳ್ಯದೆಲೆಯ ತೊಟ್ಟನ್ನು ಹರಳೆಣ್ಣೆಯಲ್ಲಿ ಅದ್ದಿ ಹಿಂದಿನಿಂದ ಇಟ್ಟು ನೋಡಿದ್ದಳು. ಗಾಡಿ ಹೊಂದಿಸಿ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ತಡವಾಗಿತ್ತು. ಒಳಗೆ ಕರುಳು ತಿರುಚಿತ್ತಂತೆ. ಅದಕ್ಕೆ ತೊಟ್ಟೂ ಇಲ್ಲ, ಗುಳಿಗೆಯೂ ಇಲ್ಲ. ನನಗೆ ನೆನಪಿರುವುದು ಡೋಲಿನ ಹಾಗಿದ್ದ ಆ ಹೊಟ್ಟೆ ಮಾತ್ರ. ಮುಖ ನೆನಪಿಲ್ಲ.

ಔಷಧಿ ಅಂಗಡಿಯವನು “ತಂಪಿನಲ್ಲಿಡಿ, ಈ ಸೆಕೆಗೆ ನಿಲ್ಲುದಿಲ್ಲ” ಎಂದು ಡಬ್ಬಿ ಕೊಟ್ಟ. ನಮ್ಮಲ್ಲಿ ಫ್ರಿಜ್ ಇರಲಿಲ್ಲ. ಮಗಳು ಡಬ್ಬಿ ನೋಡಿಯೇ ಮಂಚದಡಿ ಸೇರಿದ್ದರಿಂದ, ಕುಡಿಯುವ ಔಷಧಿಗೆ ಒಂದು ದಿನ ಅವಕಾಶ ಕೊಡೋಣ ಎಂದಳು ಹೆಂಡತಿ. ಹೆದರುವವನಿಗೆ ನಾಳೆ ಎಂಬುದಕ್ಕಿಂತ ಚೆಂದದ ಮಾತಿಲ್ಲ. ಡಬ್ಬಿಯನ್ನು ಪಕ್ಕದ ಮನೆಯ ಹೆಂಗಸಿನ, ಓಣಿಯವರೆಲ್ಲ ‘ಬಾಯಿ’ ಎಂದು ಕರೆಯುತ್ತಿದ್ದವಳ, ಫ್ರಿಜ್ಜಿಗೆ ಕೊಟ್ಟು ಬಂದೆ.

ನಮ್ಮ ಓಣಿಯಲ್ಲಿ ಫ್ರಿಜ್ ಇದ್ದದ್ದು ಮೀನಿಗಾಗಿ, ಮತ್ತು ಅದು ಒಬ್ಬರದಲ್ಲ. ಒಬ್ಬರ ಬಾಂಗ್ಡೆ, ಇನ್ನೊಬ್ಬರ ಸಿಗಡಿ, ಎಲ್ಲ ಅಲ್ಲೇ. ಸಂಜೆಯೊಳಗೆ ಬಾಯಿ ಬೇಲಿಯ ಆಚೆಯಿಂದ ಕೂಗಿದಳು: “ಅಯ್ಯೋ ಭಾವಾ, ಮೀನು ತೆಗೀಲಿಕ್ಕೆ ಬಂದವ್ರೆಲ್ಲ ಕೇಳ್ತಾರೆ, ಈ ಮೇಣಬತ್ತಿ ಯಾರದು ಅಂತ. ಎಲ್ರಿಗೂ ನಾನೇ ಹೇಳಿ ಸಾಕಾಯ್ತು!”

ಒಂದು ದಿನವೆಂದದ್ದು ಎರಡಾಯಿತು, ಮೂರಾಯಿತು. ಮರುದಿನದಿಂದಲೇ ವಿಚಾರಣೆ ಶುರು. ನಮ್ಮ ಕಡೆ ಮಗುವಿನ ಹೊಟ್ಟೆ ಊರಿನ ಆಸ್ತಿ. ಕೇಳದಿದ್ದರೆ ಪ್ರೀತಿ ಇಲ್ಲವೆಂದೇ ಅರ್ಥ. ನಲ್ಲಿಯ ಹತ್ತಿರ ಒಬ್ಬಳು, “ಆತೇನೇ ತಂಗೀ?” ಹಾಲಿಗೆ ಹೋದರೆ ಇನ್ನೊಬ್ಬಳು ಅದನ್ನೇ ಕೊಂಕಣಿಯಲ್ಲಿ, “ಜಾಲೆಂ ಗೊ ಬಾಯ್?” ನನ್ನ ಸಹೋದ್ಯೋಗಿಯೊಬ್ಬ ಸೈಕಲ್ಲಿನಿಂದ ಇಳಿಯದೆ, ಗಲ್ಲ ಎತ್ತಿ, ಕಣ್ಣಲ್ಲೇ ಕೇಳಿದ. ಮಗಳು ಮೊದಮೊದಲು ತಲೆ ತಗ್ಗಿಸುತ್ತಿದ್ದಳು. ಆಮೇಲೆ ಯಾರು ಕಂಡರೂ ತೊಡೆ ಬಿಗಿಹಿಡಿಯತೊಡಗಿದಳು. ಊರೇ ಕಾಯುತ್ತಿದ್ದರೆ ಯಾರಿಗೆ ತಾನೇ ಬರುತ್ತದೆ? ಒಂದು ಹೊತ್ತು ತಿಂದರೆ ಇನ್ನೊಂದು ಹೊತ್ತು ತಟ್ಟೆ ತಳ್ಳುತ್ತಿದ್ದಳು. ಹೊಟ್ಟೆ ಮುಟ್ಟಿದರೆ ಎಡಕ್ಕೆ ಏನೋ ಉಂಡೆಯಂತೆ ಕೈಗೆ ಸಿಗುತ್ತಿತ್ತು. ನಾನು ದಿನವಿಡೀ ಮುಟ್ಟಿ ನೋಡುತ್ತಿದ್ದೆ.

“ಅಂಕೋಲೆಗೆ ಹೋಗುವ,” ಎಂದೆ ಹೆಂಡತಿಗೆ. “ಅವ್ವಿಯ ಮನೆಯಲ್ಲಿ ಕೇಳುವವರಿಲ್ಲ. ಅಲ್ಲೇ ಗುಳಿಗೆ ಇಡುವ.”

“ಒಂದು ಹೇಲಿಗೆ ತಾಲೂಕು ಬಿಡ್ಬೇಕಾ?” ಎಂದಳು. ಹಾಗೆ ಹೇಳುತ್ತಲೇ ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು.

ಬಾಯಿ ಕೊಟ್ಟ ಐಸಿನ ಚೂರುಗಳ ಮೇಲೆ ಗುಳಿಗೆಗಳನ್ನಿಟ್ಟು, ತಿಂಡಿಡಬ್ಬಿ ಮುಚ್ಚಿ ಬಸ್ಸು ಹತ್ತಿದೆವು. ಡಬ್ಬಿಯಿಂದ ಬಾಂಗ್ಡೆಯ ವಾಸನೆ ಬರುತ್ತಿತ್ತು. ಪಕ್ಕದಲ್ಲಿ ಕೂತವರು ನಮ್ಮ ಊಟವೆಂದು ತಿಳಿದರು. ಅಮದಳ್ಳಿ ದಾಟುವಾಗ ಮಗಳಿಗೆ ಹೊಟ್ಟೆ ನುಲಿಯಿತು. ಮುಂದಿನ ಸೀಟಿನ ಕಂಬಿಗೆ ಹಣೆ ಒತ್ತಿ, ಸದ್ದಿಲ್ಲದೆ ಬೆವರಿದಳು. ಅಳಲಿಲ್ಲ. ಅಳುವ ಮಗುವಿಗಿಂತ ಅದು ನೋಡಲು ಕಷ್ಟ.

ಅವ್ವಿ ಅಂಗಳದಲ್ಲೇ ಕಾಯುತ್ತಿದ್ದಳು. ಹಳ್ಳಿಯ ಎಲ್ಲ ಮಕ್ಕಳ ಹೊಟ್ಟೆ ವಿಚಾರಿಸುವ ಹೆಂಗಸು, ಆ ದಿನ ಏನೂ ಕೇಳಲಿಲ್ಲ. ಮೊಮ್ಮಗಳ ಲಂಗ ಸರಿಸಿ ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ.

“ಉಬ್ಬಲಿಲ್ಲ,” ಎಂದಳು ಕೊನೆಗೆ, ತನಗೇ ಹೇಳಿಕೊಂಡ ಹಾಗೆ.

“ಡಾಕ್ಟರು ಗುಳಿಗೆ ಕೊಟ್ಟಿದ್ದಾರೆ ಅವ್ವಿ. ತೊಟ್ಟು ಬೇಡ.”

“ನಾ ಎಂತದೂ ಹೇಳೂದಿಲ್ಲ ತಮಾ. ಆ ಕೈಲಿ ನಾ ಇನ್ನು ಯಾವ ಮಗೂಗೂ ಎಂತದೂ ಮಾಡೂದಿಲ್ಲ. ನೀನೇ ಮಾಡು.” ಹಾಗೆಂದು ಅಡುಗೆಮನೆಗೆ ಹೋಗಿ, ನಮ್ಮ ಕಡೆ ಬೆನ್ನು ಮಾಡಿ ಗಂಜಿ ತಿರುವುತ್ತಾ ನಿಂತಳು.

ಮುಂದಿನದು ಹೇಳಲು ಹೆಚ್ಚೇನಿಲ್ಲ. ಹೆಂಡತಿ ಮಂಚದ ಮೇಲೆ ಕೂತು ಮಗಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಎಡ ಮಗ್ಗುಲಿಗೆ ಮಲಗಿಸಿದೆವು. ತಣ್ಣಗಿರುತ್ತದೆ, ಸ್ವಲ್ಪ ಹೊತ್ತಿಗೆ ಬರುತ್ತದೆ ಅನಿಸುತ್ತದೆ, ಆಗ ಹೋಗಬೇಕು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕಾಗದ ಬಿಡಿಸಿದೆ. ಗುಳಿಗೆ ಕರಗಿರಲಿಲ್ಲ. ನೀರಿನಲ್ಲಿ ಒದ್ದೆ ಮಾಡಿದೆ. ಅಷ್ಟರಲ್ಲಿ ಮಗಳು ಕುತ್ತಿಗೆ ತಿರುಗಿಸಿ ನನ್ನ ಕೈ ನೋಡಿದಳು.

“ಅಪ್ಪಾ, ಆತು,” ಎಂದಳು. “ಆತು ಅಪ್ಪಾ. ಆಗಲೇ ಆತು. ಅಜ್ಜೀ, ನಂಗೆ ಆತು!”

ಓಣಿಯ ಹೆಂಗಸರೆಲ್ಲ ಕೇಳಬಯಸಿದ್ದ ಉತ್ತರ. ಆ ಮಾತು ಹೇಳಿದರೆ ದೊಡ್ಡವರು ಬಿಟ್ಟುಬಿಡುತ್ತಾರೆ ಎಂದು ಅವಳು ಎಲ್ಲೋ ಕಲಿತಿದ್ದಳು. ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ನಾನು ಬಿಡಲಿಲ್ಲ. ಗುಳಿಗೆ ಇಟ್ಟೆ. ಹೊರಗೆ ಜಾರದಂತೆ, ಡಾಕ್ಟರು ಹೇಳಿದಂತೆ, ಸ್ವಲ್ಪ ಹೊತ್ತು ಒತ್ತಿ ಹಿಡಿದೆ. ಅವಳು ಕಿರುಚಿದ್ದು ನೋವಿಗಲ್ಲ ಎಂದು ಈಗಲೂ ನಂಬಿದ್ದೇನೆ. ನಂಬದೆ ಬೇರೆ ದಾರಿಯಿಲ್ಲ.

ಆಮೇಲೆ ಅವಳೇ ಎದ್ದು ಓಡಿದಳು. ಸಂಡಾಸಿಗಲ್ಲ, ಹಿತ್ತಲಿಗೆ. ಹೆಂಡತಿ ಹಿಂದೆಯೇ ಓಡಿ ಕೈ ಹಿಡಿದು ಕೂರಿಸಿದಳು. ಅಳು, ನಿಲುಗಡೆ, ಮತ್ತೆ ಅಳು, ಆಮೇಲೆ ಒಂದು ದೊಡ್ಡ ಉಸಿರು. ಆಗಿತ್ತು, ನಿಜವಾಗಿಯೇ. ಮೊದಲಿನದು ಕಲ್ಲಿನ ಹಾಗೆ, ಆಮೇಲಿನದು ಮೆತ್ತಗೆ. ಅವ್ವಿ ಯಾರನ್ನೂ ಹತ್ತಿರ ಬಿಡದೆ ತಾನೇ ತೊಳೆದಳು. ಮಣ್ಣು ಮುಚ್ಚಲು ಹೋದವಳು ಗುದ್ದಲಿ ಹಿಡಿದು ತೆಂಗಿನಮರದ ಆಚೆ ಬಹಳ ಹೊತ್ತು ನಿಂತೇ ಇದ್ದಳು. ನಾನು ಅತ್ತ ಹೋಗಲಿಲ್ಲ.

ಮಗಳು ಬಟ್ಟಲು ತುಂಬ ಗಂಜಿ ಉಂಡಳು. ಅಡ್ಮಿಟ್ ಮಾಡುವ ಪ್ರಸಂಗ ಬರಲಿಲ್ಲ. ಕುಡಿಯುವ ಔಷಧಿ ಮಳೆಗಾಲ ಮುಗಿಯುವವರೆಗೂ ನಡೆಯಿತು, ಜೊತೆಗೆ ಪಪ್ಪಾಯಿ, ನೀರು, ಕುಳಿತುಕೊಳ್ಳಲು ಒಂದು ಪುಟ್ಟ ಪ್ಲಾಸ್ಟಿಕ್ ಕಮೋಡು. ಉಳಿದ ಗುಳಿಗೆಗಳು ಬೇಕಾಗಲಿಲ್ಲ. ನಾನು ಹೆದರಿದ್ದರಲ್ಲಿ ಒಂದೂ ನಡೆಯಲಿಲ್ಲ.

ಆ ಮಧ್ಯಾಹ್ನ ಜಗಲಿಯಲ್ಲಿ ಚಾಪೆ ಹಾಸಿ ಮಲಗಿದೆವು. ಹುಟ್ಟಿದಾಗಿನಿಂದ ಅವಳು ಮಲಗುತ್ತಿದ್ದದ್ದು ನನ್ನ ಹೊಟ್ಟೆಗೆ ಬೆನ್ನು ಆನಿಸಿ, ನನ್ನ ಕೈಯನ್ನು ಹೊದಿಕೆಯಂತೆ ಎಳೆದುಕೊಂಡು. ಆ ದಿನ ಗೋಡೆಯವರೆಗೆ ಸರಿದು, ಬೆನ್ನನ್ನು ಗೋಡೆಗೆ ಒತ್ತಿ, ನನ್ನ ಕಡೆ ಮುಖ ಮಾಡಿ ಮಲಗಿದಳು. ಕಣ್ಣು ಮುಚ್ಚಲಿಲ್ಲ.

“ಅಪ್ಪಾ, ಕೈ ಮೇಲೆ ಇಟ್ಕೊ,” ಎಂದಳು. “ನಂಗೆ ಕಾಣ್ಬೇಕು.”

ಎರಡೂ ಕೈಗಳನ್ನು ಎದೆಯ ಮೇಲೆ ಇಟ್ಟುಕೊಂಡೆ. ಅವುಗಳನ್ನೇ ನೋಡುತ್ತಾ ಅವಳು ನಿದ್ದೆಹೋದಳು.