ಸಂಜೆಯ ಕಾಲು

ನನ್ನ ಮೊಮ್ಮಗಳು ಸಿಂಚನಳ ಎಡಗಾಲಿನ ಚಪ್ಪಲಿ ಬಲಗಾಲಿನದಕ್ಕಿಂತ ಬೇಗ ಸವೆಯುತ್ತಿತ್ತು. ಅದೂ ಹಿಮ್ಮಡಿಯಲ್ಲಲ್ಲ, ಕಿರುಬೆರಳಿನ ಪಕ್ಕದ ಅಂಚಿನಲ್ಲಿ. ಮಾಲು ಸರಿಯಿಲ್ಲ ಎಂದು ಹುಣಸೂರಿನಲ್ಲಿ ಚಪ್ಪಲಿ ಅಂಗಡಿಯವನನ್ನು ಬೈದು ಬಂದಿದ್ದೆ. ಅವನ ತಪ್ಪು ಅದರಲ್ಲಿ ಏನೂ ಇರಲಿಲ್ಲ. ಹೋಗಿ ಹಾಗೆಂದು ಹೇಳಬೇಕು, ಇನ್ನೂ ಹೇಳಿಲ್ಲ.

ಹುಡುಗಿಗೆ ಈಗ ಹತ್ತು ವರ್ಷ. ಎಂಟನೆಯ ವರ್ಷದಲ್ಲಿ ಶುರುವಾಯಿತು. ಬೆಳಿಗ್ಗೆ ಎದ್ದಾಗ ಎಲ್ಲ ಮಕ್ಕಳಂತೆ ನಡೆಯುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಎಡಪಾದ ಒಳಕ್ಕೆ ಹೊರಳುತ್ತಿತ್ತು. ಹೊತ್ತು ಇಳಿಯುತ್ತ ಹೋದಂತೆ ಹಿಮ್ಮಡಿ ನೆಲಕ್ಕೆ ತಾಗದೆ, ಬೆರಳಿನ ಮೇಲೆ ನಿಂತು, ಗೋಡೆ ಹಿಡಿದು ಕಾಲೆಳೆಯುತ್ತಿದ್ದಳು. ಮಲಗಿ ಎದ್ದರೆ ಮತ್ತೆ ನೆಟ್ಟಗೆ. ನೀವೇ ಹೇಳಿ, ಇದನ್ನು ಕಂಡರೆ ನಿಮಗೆ ಏನನ್ನಿಸುತ್ತದೆ? ನನಗೆ ಕಳ್ಳಾಟ ಅನ್ನಿಸಿತು. ನೀರು ತರುವ ಹೊತ್ತು, ಕಸ ಹೊಡೆಯುವ ಹೊತ್ತು ಬಂದಾಗಲೇ ಕಾಲು ತಿರುಗುವುದೆಂದರೆ ಅದು ಕಾಯಿಲೆಯಲ್ಲ, ಸೋಮಾರಿತನ ಎಂದು ತೀರ್ಮಾನ ಮಾಡಿದೆ.

"ನನ್ನತ್ರ ಆಟ ಕಟ್ತೀಯೇನೆ?" ಎಂದು ಒಂದು ಸಂಜೆ ಬೆನ್ನಿಗೆ ಬಾರಿಸಿದೆ.

"ಆಟ ಅಲ್ಲ ಕಣಜ್ಜಿ. ಕಾಲೇ ನನ್ ಮಾತು ಕೇಳಲ್ಲ" ಎಂದಿತು ಮಗು. ಅಳಲಿಲ್ಲ. ಅತ್ತಿದ್ದರೆ ಆಟವೇ ಎಂದುಕೊಂಡು ಡಾಕ್ಟರಿಗೆ ತೋರಿಸದೆ ಸುಮ್ಮನಿರುತ್ತಿದ್ದೆನೋ ಏನೋ.

ಇಬ್ಬರು ಡಾಕ್ಟರಿಗೆ ತೋರಿಸಿದೆವು. ನಮ್ಮೂರು ಹನಗೋಡಿನಿಂದ ಒಳಕ್ಕಿದೆ, ಪೇಟೆಗೆ ಹೋಗುವ ಬಸ್ಸು ಬೆಳಿಗ್ಗೆಯೇ. ಹುಡುಗಿ ದಾರಿಯುದ್ದಕ್ಕೂ ನಿದ್ದೆ ಮಾಡಿ, ಡಾಕ್ಟರ ಮುಂದೆ ಹೋದಾಗ ನೆಟ್ಟಗೆ ನಡೆಯುತ್ತಿದ್ದಳು. ಒಬ್ಬರು ಟಾನಿಕ್ ಬರೆದರು. ಇನ್ನೊಬ್ಬರು ಶಾಲೆಗೆ ಹೋಗಲು ಇಷ್ಟವಿಲ್ಲವೇನೋ, ಗದರಿಸಬೇಡಿ ಎಂದರು. ಶಾಲೆ ಎಂದರೆ ಪ್ರಾಣ ಬಿಡುವ ಹುಡುಗಿ ಅದು. ಆದರೆ ಶಾಲೆ ಇರುವುದು ಎರಡು ಮೈಲಿ ಆಚೆ. ನಡೆದು ಹೋದವಳನ್ನು ಬರುವಾಗ ಯಾರಾದರೂ ಹೊತ್ತು ತರಬೇಕು. ಹೊಗೆಸೊಪ್ಪು ಒಣಗಿಸುವ ದಿನಗಳಲ್ಲಿ ಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಉರಿ ಬಿಟ್ಟು ಹೋಗುವವರು ಯಾರು? "ಈ ವರ್ಸದ ಪರೀಕ್ಸೆ ಮುಗೀಲಿ, ಬುಡಿಸ್ಬುಡಾನ" ಎಂದ ನನ್ನ ಮಗ. ನಾನು ಹೂಂ ಎಂದೆ. ಸೊಸೆ ಮಂಜುಳ ಮಾತ್ರ ಮೈಸೂರಿನ ನರದ ಡಾಕ್ಟರಿಗೆ ಒಂದು ಸಲ ತೋರಿಸಿ ಆಮೇಲೆ ಏನಾದರೂ ಮಾಡಿ ಎಂದು ಪಟ್ಟು ಹಿಡಿದಳು.

ಇಲ್ಲೊಂದು ಮಾತು ಹೇಳಬೇಕು. ಹೊಗೆಸೊಪ್ಪು ಬೆಳೆಯುವ ನಾವು ಹರಾಜಿಗೆ ಎಲೆಯನ್ನು ಮೂಟೆ ಮಾಡಿ ಬೇಲು ಕಟ್ಟುವಾಗ ಒಳ್ಳೆಯ ಬಣ್ಣದ ಎಲೆ ಮೇಲಕ್ಕೆ ಬರುವ ಹಾಗೆ ಕಟ್ಟುತ್ತೇವೆ. ಮೋಸ ಎಂದು ಯಾರೂ ಅಂದುಕೊಳ್ಳುವುದಿಲ್ಲ, ಮುಖ ತೊಳೆದು ಹೊರಗೆ ಬಂದಂತೆ ಅದು. ಕೊಳ್ಳುವವನಿಗೂ ಗೊತ್ತು; ಅವನು ಬೇಲಿನ ಹೊಟ್ಟೆಗೆ ಕೈ ಹಾಕಿ ಒಳಗಿನ ಎಲೆ ಎಳೆದು, ಬೆರಳಲ್ಲಿ ಉಜ್ಜಿ, ಮೂಸಿ ನೋಡುತ್ತಾನೆ. ನಲವತ್ತು ವರ್ಷ ಎಲೆ ಕಟ್ಟಿದ ಕೈ ನನ್ನದು. ಸೊಸೆಯ ಜೊತೆ ಮೈಸೂರಿಗೆ ಹೊರಟಾಗ ಮೊಮ್ಮಗಳನ್ನೂ ಹಾಗೆಯೇ ಕಟ್ಟಿಕೊಂಡು ಹೋದೆ. ಬಸ್ಸಿನಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡೆ, ಇಳಿದ ಮೇಲೆ ನಡೆಸದೆ ಆಟೋ ಹತ್ತಿಸಿದೆ, ಬಾಗಿಲಲ್ಲಿ ಕಿವಿಯಲ್ಲಿ ಹೇಳಿದೆ: "ನೆಟ್ಟಗೆ ನಡೀಬೇಕು ಕಣೆ. ಮಾನ ಕಳೀಬ್ಯಾಡ." ಕಾಯಿಲೆ ತೋರಿಸಲು ಹೋಗಿ ಕಾಯಿಲೆ ಮುಚ್ಚಿಡುವ ಬುದ್ಧಿಗೆ ಏನೆನ್ನಬೇಕೋ ನನಗೆ ತಿಳಿಯದು. ಹೆಣ್ಣು ನೋಡಲು ಬಂದವರ ಮುಂದೆ, ಮನೆಗೆ ಬಂದ ಬೀಗರ ಮುಂದೆ, ಎಲ್ಲ ಕಡೆ ಮೇಲಿನ ಎಲೆ ತೋರಿಸಿಯೇ ಬದುಕಿದವರು ನಾವು, ಡಾಕ್ಟರ ಹತ್ತಿರ ಮಾತ್ರ ಅಭ್ಯಾಸ ಬಿಟ್ಟೀತೇ?

ಡಾಕ್ಟರು ಹೆಂಗಸು, ನನ್ನ ಸೊಸೆಯ ವಯಸ್ಸು. ಚೀಟಿ ಬರೆಯುವ ಆತುರ ಆಕೆಗಿರಲಿಲ್ಲ. ಹುಡುಗಿಯ ಕಣ್ಣು ತನ್ನ ಬೆರಳನ್ನು ಹಿಂಬಾಲಿಸುವ ಹಾಗೆ ಮಾಡಿದರು, ಮೂಗು ಮುಟ್ಟಿಸಿದರು, ಕೈಕಾಲು ಎಳೆದು ಮಡಿಸಿ ಬಿಗಿ ನೋಡಿದರು, ರಬ್ಬರಿನ ಸುತ್ತಿಗೆಯಿಂದ ಮೊಣಕಾಲಿಗೆ ತಟ್ಟಿದರು, ಅಂಗಾಲನ್ನು ಗೀರಿದರು, ಒಂದೇ ಗೆರೆಯ ಮೇಲೆ ನಡೆಸಿದರು. ಬೇಲಿನ ಹೊಟ್ಟೆಗೆ ಕೈ ಹಾಕುವವರ ಪೈಕಿ ಎಂದು ನನಗೆ ಆಗಲೇ ಗೊತ್ತಾಯಿತು. ಕಿವಿಗೆ ಹೇಳಿಕೊಟ್ಟಿದ್ದೆ, ಮೊಣಕಾಲಿಗೆ ಹೇಳಿಕೊಡಲು ಆಗುತ್ತದೆಯೇ? ಕೊನೆಗೆ ಬಾಗಿಲ ಬಳಿ ಬಿಟ್ಟಿದ್ದ ಚಪ್ಪಲಿಯನ್ನು ಎತ್ತಿ ಮಗುಚಿ ನೋಡಿದರು.

"ಅಜ್ಜಿ, ಈಗ ನಡೆದಳಲ್ಲ, ಹಾಗೆ ನಡೆಯೋ ಮಗು ಚಪ್ಪಲಿ ಹೀಗೆ ಸವೆಸಲ್ಲ. ಸಂಜೆ ಹೇಗಿರ್ತಾಳೆ?"

"ಸಂದಾಗೇ ಇರ್ತಾಳೆ ಕಣವ್ವ. ವಸಿ ಸುಸ್ತು, ಅಷ್ಟೇಯ."

"ಸುಳ್ಳು ಯಾಕೆ ಯೋಳೀರಿ ಅತ್ತೆ?" ಎಂದಳು ಮಂಜುಳ. ಮದುವೆಯಾಗಿ ಬಂದಂದಿನಿಂದ ನನ್ನ ಮಾತಿಗೆ ಎದುರಾಡಿದವಳಲ್ಲ. "ಸಂಜೆಗೆ ಅಂಬೆಗಾಲು ಒಂದು ಬಾಕಿ ಮೇಡಂ. ಅದ ಯಾರ್ಗೂ ತೋರ್ಸಕ್ಕೇ ಆಗ್ನಿಲ್ಲ ನಮ್ಗೆ."

ಡಾಕ್ಟರು ನಕ್ಕರು. "ಹಾಗಾದ್ರೆ ಸಂಜೆ ತನಕ ಇಲ್ಲೇ ಇರಿ. ಮಲಗೋಕೆ ಬಿಡಬೇಡಿ, ನಡೆಸ್ತಾ ಇರಿ."

ಊರಿನ ಬಸ್ಸು ತಪ್ಪುತ್ತದೆ ಎಂದೆ. ಆಕೆ ಆಗಲೇ ಮುಂದಿನವರನ್ನು ಒಳಕ್ಕೆ ಕರೆದಿದ್ದರು. ಆ ದಿನ ಆಸ್ಪತ್ರೆಯ ಪಡಸಾಲೆಯಲ್ಲಿ ನಾವು ಮೂವರೂ ಎಷ್ಟು ಸಲ ತಿರುಗಿದೆವೋ. ಮೂರು ಗಂಟೆಗೆ ಪಾದ ಹೊರಳಿತು. ಐದಕ್ಕೆ ಡಾಕ್ಟರು ಬಂದಾಗ ಹುಡುಗಿ ನನ್ನ ಸೆರಗು ಹಿಡಿದು ಬೆರಳಿನ ಮೇಲೆ ನಿಂತಿದ್ದಳು. ಬೆಳಿಗ್ಗೆ ಮಾಡಿದ್ದನ್ನೆಲ್ಲ ಮತ್ತೆ ಮೊದಲಿನಿಂದ ಮಾಡಿದರು, ಅದೇ ಬೆರಳು, ಅದೇ ಸುತ್ತಿಗೆ, ಅದೇ ಗೆರೆ. ಆಮೇಲೆ ಮಗುವಿನ ಎದುರು ಕುಕ್ಕುರುಗಾಲಲ್ಲಿ ಕೂತು, "ನೀನು ಆಟ ಕಟ್ತಾ ಇಲ್ಲ, ಆಯ್ತಾ?" ಎಂದರು. ಆಟ ಎಂದವಳು ನಾನು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಆಗ ಹುಡುಗಿ ಅತ್ತಳು.

ನಡೆಯಲು ಬೇಕಾದ ಒಂದು ರಸ ತಲೆಯೊಳಗೆ ಊರಬೇಕಂತೆ. ಇವಳಿಗೆ ಅದು ಊರುವುದೇ ಕಡಿಮೆ, ಹಗಲೆಲ್ಲ ಖರ್ಚಾಗಿ ಸಂಜೆಗೆ ಬರಿದಾಗುತ್ತದೆ, ನಿದ್ದೆ ಮಾಡಿದರೆ ಮತ್ತೆ ತುಂಬುತ್ತದೆ. ಬಹಳ ಅಪರೂಪದ ಕಾಯಿಲೆ, ತಲೆಯ ಫೋಟೋ ತೆಗೆದರೂ ಅದರಲ್ಲಿ ಕಾಣಿಸುವುದಿಲ್ಲ, ನಡೆಸಿ ನೋಡಿಯೇ ಅನುಮಾನ ಪಡಬೇಕು ಎಂದರು. ಬೇರೇನೂ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಫೋಟೋವನ್ನೂ ತೆಗೆಸಿದರು. "ಸಣ್ಣ ಮಾತ್ರೆ ಕೊಡ್ತೀನಿ. ನನ್ನ ಅನುಮಾನ ಸರಿ ಇದ್ರೆ ಬೇಗ ಗೊತ್ತಾಗುತ್ತೆ. ತಪ್ಪಿದ್ರೆ ಬೇರೆ ಹುಡುಕೋಣ."

ತಪ್ಪಿದರೆ ಎಂದು ಬಾಯಿಬಿಟ್ಟು ಹೇಳಿದ ಡಾಕ್ಟರನ್ನು ನಾನು ಕಂಡದ್ದು ಅದೇ ಮೊದಲು. ಅದಕ್ಕೇ ನಂಬಿಕೆ ಬಂತು.

ಮೊದಲ ಎರಡು ದಿನ ಏನೂ ಆಗಲಿಲ್ಲ. ಮಗ ನನ್ನ ಮುಖ ನೋಡಿದ, ನಾನು ಸೊಸೆಯ ಮುಖ ನೋಡಿದೆ. ಆರನೆಯ ದಿನ ಸಂಜೆ ನಾನು ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ಶಾಲೆಯ ಮಕ್ಕಳು ಬರುವ ಸದ್ದಾಯಿತು. ಅವಳನ್ನು ಹೊತ್ತು ತರಲು ಹೋದ ಮಗ ಹಿಂದೆ ಬರುತ್ತಿದ್ದ, ಅವನ ಹೆಗಲ ಮೇಲೆ ಶಾಲೆಯ ಚೀಲ ಮಾತ್ರ ಇತ್ತು. ಹುಡುಗಿ ಮುಂದೆ ಬರುತ್ತಿದ್ದಳು, ಎರಡೂ ಹಿಮ್ಮಡಿ ನೆಲಕ್ಕೆ ಊರಿ. ಶಾಲೆ ಬಿಡಿಸುವ ಮಾತನ್ನು ಅಂದಿನಿಂದ ನಮ್ಮ ಮನೆಯಲ್ಲಿ ಯಾರೂ ಎತ್ತಿಲ್ಲ.

ಹೊಡೆದದ್ದಕ್ಕೆ ನಾನು ಅವಳ ಹತ್ತಿರ ಏನೂ ಹೇಳಿಲ್ಲ. ನಮ್ಮಲ್ಲಿ ಹಾಗೆ ಹೇಳುವ ರೂಢಿಯಿಲ್ಲ, ಹೇಗೆ ಹೇಳಬೇಕೆಂದೂ ನನಗೆ ಬರುವುದಿಲ್ಲ. ಮಾತ್ರೆಯ ಹೊತ್ತು ಮಾತ್ರ ತಪ್ಪಿಸುವುದಿಲ್ಲ.

ನಿನ್ನೆ ಸಂಜೆ ಎದುರುಮನೆಯ ಹುಡುಗಿಯರ ಜೊತೆ ಮುಟ್ಟಾಟ ಆಡುತ್ತಿದ್ದಳು. ನೀರು ತಾರೆ ಎಂದೆ, ಕಿವಿಗೇ ಹಾಕಿಕೊಳ್ಳಲಿಲ್ಲ. ಎರಡು ಸಲ ಕೂಗಿದೆ. "ಬತ್ತೀನಿ ಬುಡಜ್ಜಿ" ಎಂದು ಬೀದಿಯ ತುದಿಗೆ ಓಡಿದಳು. ಈ ಸಲ ನಿಜವಾದ ಸೋಮಾರಿತನ. ಕೋಲು ಹಿಡಿದು ಹಿಂದೆ ಹೋದೆ, ನಾಲ್ಕು ಹೆಜ್ಜೆಗೆ ಉಸಿರು ಹತ್ತಿತು. ಕೈಗೆ ಸಿಕ್ಕಿದ್ದರೆ ಬಿಡುತ್ತಿರಲಿಲ್ಲ. ಸಿಗಲಿಲ್ಲ.